ಆ ‘ಖಾಸಗಿ ಆಸ್ಪತ್ರೆಯೊಂದರ’ ಹೆಸರೇನು?

ಪತ್ರಿಕೆ ತೆರೆದರೆ ಇಂಥ ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಾಣಂತಿ ಸಾವು, ಸಂಬಂಧಿಕರ ಪ್ರತಿಭಟನೆ.’ ಯಾವ ಆಸ್ಪತ್ರೆ? ಆ ಬೀದಿಯವರಿಗೆಲ್ಲ ಗೊತ್ತು. ದೂರು ಬರೆದುಕೊಂಡ ಪೊಲೀಸರಿಗೆ ಗೊತ್ತು. ವರದಿಗಾರನಿಗೂ ಗೊತ್ತು. ಮುಂದಿನ ವಾರ ಮಗಳನ್ನು ಹೆರಿಗೆಗೆ ಸೇರಿಸಬೇಕಾದ ತಾಯಿಗೆ ಮಾತ್ರ ಗೊತ್ತಿಲ್ಲ. ಊರಿನ ಉಳಿದ ಆಸ್ಪತ್ರೆಗಳ ಮೇಲೂ ಸುಮ್ನೆ ಅನುಮಾನ.

ಪತ್ರಕರ್ತರು ಹೆದರುಪುಕ್ಕಲರು ಎಂದು ಬಯ್ಯುವವರೇ ಜಾಸ್ತಿ. ನಾನು ಹಾಗೆ ಬಯ್ಯಲಾರೆ. ಹೆಸರು ಹಾಕಿದರೆ ಮೊದಲು ವಕೀಲರ ನೋಟಿಸ್ ಬರುತ್ತದೆ. ಅಲ್ಲಿಗೆ ಮುಗಿಯದಿದ್ದರೆ ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆ. ಅದರ ಜೊತೆಗೇ ಮಾನಹಾನಿಯ ಕ್ರಿಮಿನಲ್ ಕೇಸನ್ನೂ ಹಾಕಬಹುದು. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 499, 500ನೇ ಕಲಂ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ಸಮಾಜ ಸೇವೆಯ ಶಿಕ್ಷೆಯೂ ಸೇರಿಕೊಂಡಿದೆ, ಆದರೆ 2 ವರ್ಷದವರೆಗಿನ ಜೈಲು ಹಾಗೇ ಇದೆ. ಬರೆದದ್ದು ನಿಜ ಎಂದು ತೋರಿಸಿದರೂ ಸಾಲದು, ಪ್ರಕಟಿಸಿದ್ದರಿಂದ ಜನರಿಗೆ ಒಳ್ಳೆಯದಾಗುತ್ತದೆ ಎಂದೂ ತೋರಿಸಬೇಕು.

2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕ್ರಿಮಿನಲ್ ಕಾನೂನನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟು 2008ರ ಒಂದು ವರದಿಗಾಗಿ ಗೌರಿ ಲಂಕೇಶ್ ಅವರಿಗೆ 6 ತಿಂಗಳ ಜೈಲು ಶಿಕ್ಷೆ ವಿಧಿಸಿತು. ಜಾಮೀನು ಸಿಕ್ಕಿತು ನಿಜ. ಆದರೆ ಪತ್ರಿಕೆ ಬೆಂಗಳೂರಿನದು, ಕೇಸು ಹುಬ್ಬಳ್ಳಿಯಲ್ಲಿ, ವರದಿಯಿಂದ ತೀರ್ಪಿಗೆ 8 ವರ್ಷ. ಇಂಥ ಕೇಸನ್ನು ಕೊನೆಗೆ ಗೆದ್ದವರಿಗೂ ಕಳೆದ ವರ್ಷಗಳು, ವಕೀಲರಿಗೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ಇಷ್ಟಾದರೂ ಇದು ಬರೆದ ಮೇಲೆ ಬರುವ ಕಷ್ಟ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಬರೆಯುವ ಮೊದಲೇ ಬರುವ ಸ್ಟೇ. 2019ರ ಲೋಕಸಭೆ ಚುನಾವಣೆ ಹೊತ್ತಿಗೆ ಬೆಂಗಳೂರು ದಕ್ಷಿಣದ ಅಭ್ಯರ್ಥಿ ತೇಜಸ್ವಿ ಸೂರ್ಯ 49 ಮಾಧ್ಯಮಗಳ ವಿರುದ್ಧ ಸಿಟಿ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ಮತದಾನಕ್ಕೆ ಕೆಲವೇ ದಿನ ಇರುವಾಗ ಹೈಕೋರ್ಟ್ ಅದನ್ನು ರದ್ದು ಮಾಡಿತು. 2021ರ ಮಾರ್ಚ್‌ನಲ್ಲಿ ಮಂತ್ರಿಯಾಗಿದ್ದ ರಮೇಶ ಜಾರಕಿಹೊಳಿ ಸಿಡಿ ವಿವಾದದಿಂದ ರಾಜೀನಾಮೆ ಕೊಟ್ಟ ಬೆನ್ನಲ್ಲೇ ಆರು ಮಂತ್ರಿಗಳು 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ಸ್ಟೇ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ 8,000ಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯಬೇಕೆಂಬ ಆದೇಶ ಬಂತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಹೈಕೋರ್ಟ್ ಆ ಚಾನೆಲ್ ಮಟ್ಟಿಗೆ ಆದೇಶವನ್ನು ತೆಗೆದುಹಾಕಿತು. ಅಲ್ಲಿನ ಆರೋಪ ನಿಜವೋ ಸುಳ್ಳೋ ಎನ್ನುವುದು ಬೇರೆಯೇ ಪ್ರಶ್ನೆ. ಬರೆದವರ ಮಾತು ಕೇಳದೆ ಅಷ್ಟನ್ನೂ ಒಂದೇ ಏಟಿಗೆ ಅಳಿಸಲು ಹೇಳಿದ್ದು ಸರಿಯಾ?

ಇದಕ್ಕೆ ಕಾನೂನಿನಲ್ಲಿ ಬೇಲಿ ಇಲ್ಲ ಅಂತೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ನೋಡಿ. ಎದುರು ಪಕ್ಷಕ್ಕೆ ನೋಟಿಸ್ ಕೊಡದೆ ತಡೆಯಾಜ್ಞೆ ಕೊಟ್ಟರೆ ಕಾರಣ ಬರೆಯಬೇಕು. ಆ ಅರ್ಜಿಯನ್ನು 30 ದಿನದೊಳಗೆ ಮುಗಿಸಲು ಕೋರ್ಟು ಪ್ರಯತ್ನಿಸಬೇಕು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವಿರುದ್ಧ ಜೀ ಟಿವಿ ಸಂಸ್ಥೆ ತಂದಿದ್ದ ಇಂಥದೇ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ವಿಚಾರಣೆಗೆ ಮೊದಲೇ ಲೇಖನ ತೆಗೆಸುವುದು ತೀರಾ ಅಪರೂಪಕ್ಕೆ ಮಾತ್ರ ಆಗಬೇಕು, ಸಿದ್ಧ ಪದಗಳನ್ನು ಬರೆದುಬಿಟ್ಟರೆ ಅದು ಕಾರಣ ಆಗುವುದಿಲ್ಲ ಎಂದಿತು. ಬೆಂಗಳೂರಿನಲ್ಲಿ ಮೇಲೆ ಹೇಳಿದ 2025ರ ಆದೇಶ ಬಂದದ್ದು ಇದಾದ ಮೇಲೆ!

ಹಾಗಂತ ಯಾರ ಬಗ್ಗೆ ಏನು ಬೇಕಾದರೂ ಬರೆಯಲಿ ಎನ್ನುತ್ತಿಲ್ಲ. ಸಾವಾದ ಮನೆಯ ಬಾಗಿಲಲ್ಲಿ ಮೈಕ್ ಹಿಡಿಯುವ, ಹೆಣ್ಣುಮಗಳ ಖಾಸಗಿ ವಿಡಿಯೊ ಮಸುಕು ಮಾಡಿ ದಿನವಿಡೀ ತೋರಿಸುವ ಟಿವಿ ಕಂಡರೆ ನನಗೂ ಸಿಟ್ಟು ಬರುತ್ತದೆ. ಅಲ್ಲಿ ಕೋರ್ಟು ತಡೆಯಲೇಬೇಕು. ಖಾಸಗಿ ಬದುಕು ಬೇರೆ, ಅಧಿಕಾರದ ಕೆಲಸ ಬೇರೆ. 1994ರಲ್ಲೇ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿತ್ತು. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಅಚ್ಚು ಹಾಕಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ನಂಟಿನ ಕತೆಗಳಿದ್ದವು. ಪ್ರಕಟವಾಗುವ ಮೊದಲೇ ತಡೆಯುವ ಹಕ್ಕು ಅಧಿಕಾರಿಗಳಿಗಿಲ್ಲ, ಸುಳ್ಳು ಬಂದರೆ ಆಮೇಲೆ ಕೋರ್ಟಿಗೆ ಬರಲಿ ಎಂದಿತು ಆ ತೀರ್ಪು.

ಮಾನಹಾನಿಗೆ ಜೈಲು ಬೇಡವೇ ಬೇಡ. ಮಾನ ಹೋದವರಿಗೆ ತಿದ್ದುಪಡಿ ಸಿಗಲಿ, ಕ್ಷಮೆ ಸಿಗಲಿ, ವಿಚಾರಣೆ ಬೇಗ ಮುಗಿದು ಪರಿಹಾರವೂ ಸಿಗಲಿ. ಜೈಲು ತೆಗೆಯುವುದು ಸಂಸತ್ತಿನ ಕೆಲಸ, ಬೇಗ ಆಗುವ ಲಕ್ಷಣ ಕಾಣುತ್ತಿಲ್ಲ. ಅಲ್ಲಿಯವರೆಗೆ ಇಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ದೊಡ್ಡ ಚಾನೆಲ್‌ಗಳಿಗೆ ಸ್ಟೇ ತೆರವು ಮಾಡಿಸಲು ವಕೀಲರಿದ್ದಾರೆ. ಜಿಲ್ಲಾ ಪತ್ರಿಕೆ ನಡೆಸುವವರಿಗೆ, ಮೊಬೈಲ್ ಹಿಡಿದು ಊರಿನ ಸುದ್ದಿ ಮಾಡುವ ಹುಡುಗರಿಗೆ ಯಾರಿದ್ದಾರೆ? ಪತ್ರಕರ್ತರ ಸಂಘಗಳು ಒಂದು ಕಾನೂನು ನಿಧಿ ಮಾಡಲಿ. ಪ್ರತಿ ಜಿಲ್ಲೆಯಲ್ಲೂ ಇಂಥ ಕೇಸಿಗೆ ನಿಲ್ಲುವ ಒಬ್ಬ ವಕೀಲರನ್ನು ಗೊತ್ತು ಮಾಡಲಿ. ಓದುಗರಿಂದ ಹಣ ಕೇಳಿದರೆ ನಾನಂತೂ ಕೊಡುತ್ತೇನೆ.