ದೇಶಭಕ್ತಿ ಸರ್ಟಿಫಿಕೇಟ್ ಹಂಚುವ ಸಾಹೇಬರಿಗೆ

ಈಗಷ್ಟೇ ನಮ್ಮ ಓಣಿಯ ಪ್ರಚಾರ ಸಭೆಯಿಂದ ಎದ್ದು ಬಂದೆ. ತಲೆ ಕೆಟ್ಟಿದೆ. ಯಾವ ಪಕ್ಷ ಅಂತ ಹೇಳಲ್ಲ, ಹೇಳಿದರೆ ಅರ್ಧ ಜನ ಇಲ್ಲಿಗೇ ಓದೋದು ಬಿಡ್ತೀರಿ. "ನಮಗೆ ವೋಟ್ ಹಾಕುವವರು ದೇಶಭಕ್ತರು, ಉಳಿದವರು ಯಾರು ಅಂತ ನೀವೇ ಯೋಚನೆ ಮಾಡಿ" ಅಂದರು ಸಾಹೇಬರು. ಮಾಡಿದೆ. ಹೋದ ಸಲ ನಾನು ಹಾಕಿದ್ದು ಇವರಿಗೇ! ಈ ಸಲ ಬಟನ್ ಬದಲಾದರೆ ನಾನು ರಾತ್ರೋರಾತ್ರಿ ದೇಶದ್ರೋಹಿಯಾ?

ಅವರ ಬೆನ್ನ ಹಿಂದೆ ಒಂದು ರಾಷ್ಟ್ರಧ್ವಜ ಕಟ್ಟಿದ್ದರು. ಮಿರಮಿರ ಮಿಂಚುವ ಪಾಲಿಯೆಸ್ಟರ್. ಚಕ್ರ ಕೇಸರಿ ಪಟ್ಟಿಯ ಕಡೆ ಸರಿದುಕೊಂಡು ಕೂತಿತ್ತು. ಹುಬ್ಬಳ್ಳಿಯವರ ಕಣ್ಣಿಗೆ ಇದು ಚುಚ್ಚುತ್ತೆ, ಅಲ್ವಾ? ರಾಷ್ಟ್ರಧ್ವಜ ತಯಾರಾಗೋದೇ ನಮ್ಮೂರಲ್ಲಿ, ಬೆಂಗೇರಿಯ ಖಾದಿ ಸಂಘದಲ್ಲಿ. ಅಲ್ಲಿ ಬಾವುಟ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಲ್ಲಿ ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. 24 ಕಡ್ಡಿಗಳೂ ಆ ಕಡೆ ಈ ಕಡೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಳತೆ, ಬಣ್ಣ, ನೂಲು, ಯಾವುದು ತಪ್ಪಿದರೂ ಆ ಬಾವುಟ ಹೊರಗೆ ಹೋಗಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ ಯಂತ್ರದ ಬಾವುಟಕ್ಕೂ ದಾರಿ ಬಿಟ್ಟರು. ಖಾದಿಯವರು ಬೇಡ ಅಂದರು. ದೇಶಭಕ್ತಿಯ ಗುತ್ತಿಗೆ ಹಿಡಿದವರು ಆಗೆಲ್ಲಿದ್ದರೋ!

"ಚುನಾವಣೆ ಮಾತು, ಸೀರಿಯಸ್ಸಾಗಿ ತಗೋಬೇಡ" ಅಂತ ಪಕ್ಕದ ಕುರ್ಚಿಯ ಗೆಳೆಯ ಸಮಾಧಾನ ಮಾಡಿದ. 2020ರ ಜನವರಿಯಲ್ಲಿ ದೆಹಲಿಯ ರಿಠಾಲಾದಲ್ಲಿ ಕೇಂದ್ರ ಮಂತ್ರಿ ಅನುರಾಗ್ ಠಾಕೂರ್ 'ದೇಶದ ಗದ್ದಾರರನ್ನು' (ದ್ರೋಹಿಗಳನ್ನು) ಅಂದಾಗ, ಜನ 'ಗುಂಡಿಕ್ಕಿ' ಅಂತ ಪೂರ್ತಿ ಮಾಡುತ್ತಿದ್ದರು. ಅದೂ ಚುನಾವಣೆ ಮಾತೇ. ಚುನಾವಣಾ ಆಯೋಗ ಅವರ ಪ್ರಚಾರಕ್ಕೆ ತಡೆ ಹಾಕಿದ್ದು 72 ಗಂಟೆ. ನೆಗಡಿ ಬಂದರೂ ನಾನು ಅದಕ್ಕಿಂತ ಜಾಸ್ತಿ ರಜೆ ಹಾಕ್ತೀನಿ. ಇನ್ನು ನಮ್ಮೂರಿನ ಮಾತು. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದಲ್ಲಿ ಬಾವುಟ ಹಾರಿಸುವ ಜಗಳಕ್ಕೆ ಗೋಲಿಬಾರ್ ಆಗಿ ಹೆಣ ಬಿದ್ದವು. ಅವತ್ತು ಸತ್ತವರ ಮನೆಗೆ ಹೋಗಿ ಹೇಳಲಿ ನೋಡೋಣ, ಸೀರಿಯಸ್ಸಾಗಿ ತಗೋಬೇಡಿ ಅಂತ.

ಆ ಕಡೆಯವರು ಜಾಸ್ತಿ ಹಿಗ್ಗಬೇಡಿ. ಇಂದಿರಾ ಅಂದ್ರೆ ಇಂಡಿಯಾ, ಇಂಡಿಯಾ ಅಂದ್ರೆ ಇಂದಿರಾ ಅಂದ ಡಿ.ಕೆ. ಬರೂವಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಪಕ್ಷವನ್ನೇ ದೇಶ ಅನ್ನೋ ಚಾಳಿ ನಮ್ಮ ಸಾಹೇಬರು ಹೊಸದಾಗಿ ಶುರು ಮಾಡಿದ್ದಲ್ಲ, ಹಳೇದು.

ನಾನೇನು ಸಂತ ಅಲ್ಲ. ಕ್ರಿಕೆಟ್ ಮ್ಯಾಚಿನ ದಿನ ನನ್ನ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಆದರೆ ಆ ಮಾತಿಗೆ ನಾನು ಯಾರ ಹತ್ತಿರವೂ ವೋಟ್ ಕೇಳಲ್ಲ.

ಸಾಹೇಬರು ಮುಂದಿನ ವಾರ ಮನೆಮನೆಗೆ ಬರ್ತಾರಂತೆ. ಬರಲಿ, ಚಹಾ ಕೊಡ್ತೀನಿ. ನಲ್ಲಿ ನೀರು ಯಾವಾಗ ಬಿಡ್ತಾರೆ ಅಂತ ಅಷ್ಟೇ ಕೇಳ್ತೀನಿ. ಅದಕ್ಕೂ ನನ್ನನ್ನು ಗದ್ದಾರ ಅಂದರೆ, ಬಾಗಿಲಿನ ಹೊರಗೆ ಬಿಟ್ಟ ಚಪ್ಪಲಿ ತೋರಿಸಿ ಕಳಿಸ್ತೀನಿ.