ಆಫೀಸರ್ ಮೇಡಂ, ಡ್ರಿಪ್ ಖಾಲಿ ಆಯ್ತು!

ಮೇ ತಿಂಗಳು, ಮಳೆ ಹಿಡಿಯೋ ಮುಂಚೆ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಸ್ಬೇಕಿತ್ತು, ಆಳು ಸಿಗ್ಲಿಲ್ಲ ಅಂತ ನಾನೇ ಏಣಿ ಹತ್ತಿ ಕಾಲು ಮುರ್ಕೊಂಡೆ. ಕೊಡಗಿನದ್ದೇ ಒಂದು ಆಸ್ಪತ್ರೆಲಿ ಅಡ್ಮಿಟ್ಟು. ಹೆಸ್ರು ಬೇಡ, ಇನ್ನೂ ಅಲ್ಲೇ ಪ್ಲಾಸ್ಟರ್ ಬಿಚ್ಚಿಸ್ಕೋಬೇಕು. ಹಂಗಾಗಿ ಈ ಸಲದ ನರ್ಸಸ್ ಡೇ ಮಲಗಿದ್ದಲ್ಲಿಂದಾನೇ ನೋಡೋ ಭಾಗ್ಯ.

ಮೊದ್ಲೇ ಹೇಳ್ಬಿಡ್ತೀನಿ, ಸ್ಟಾಫ್ ನರ್ಸ್ ಅನ್ನಂಗಿಲ್ಲ ಈಗ, ಶುಶ್ರೂಷಾಧಿಕಾರಿ ಅನ್ಬೇಕು. ಬಡ್ತಿ ಸಿಕ್ಕಿದ್ದು ಬೋರ್ಡಿಗೆ. ಪಕ್ಕದ ಬೆಡ್ಡಿನ ತಾತ "ಶುಶ್ರೂ... ಶುಶ್ರೂ..." ಅಂತ ನಾಲಿಗೆ ಹೊರಳಿಸೋ ಅಷ್ಟ್ರಲ್ಲಿ ಡ್ರಿಪ್ ಖಾಲಿಯಾಗಿ ಟ್ಯೂಬಲ್ಲಿ ರಕ್ತ ಮೇಲಕ್ಕೇರ್ತಿತ್ತು, ಕೊನೆಗೆ "ಏ ಸಿಸ್ಟ್ರೇ!" ಅಂತ ಕೂಗಿದ ಮೇಲೇನೇ ಅಧಿಕಾರಿ ಓಡಿ ಬಂದಿದ್ದು.

ಅಧಿಕಾರಿ ಅಂದ್ರೆ ಜೀಪು, ಜವಾನ ಇರ್ಬೇಕಲ್ವಾ? ಈಯಮ್ಮಂಗೆ ಇದ್ದಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ, ಅದ್ರಲ್ಲೂ ಯಾವ್ದೋ ಪೇಷಂಟಿನ ಭಾವ ಕೂತಿರ್ತಿದ್ದ. ಬಿಪಿ ಪಟ್ಟಿ ಅಂಟೋದೇ ನಿಲ್ಸಿತ್ತು, ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿ ಗಂಟು ಹಾಕಿ ನೋಡ್ತಿದ್ರು. ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಜನರಲ್ ವಾರ್ಡಲ್ಲಿ 5 ಜನ ರೋಗಿಗೆ ಒಬ್ರು ನರ್ಸ್ ಇರ್ಬೇಕು. ನಮ್ ವಾರ್ಡಲ್ಲಿ ರಾತ್ರಿ 32 ಜನಕ್ಕೆ ಒಬ್ರು. ನಂಗೇನ್ ಕೆಲ್ಸ, ಎರಡು ಸಲ ಎಣಿಸ್ದೆ.

"ಮುಂದೆ ಪ್ರಮೋಷನ್ ಹೆಂಗಮ್ಮ?" ಅಂತ ಕೇಳ್ದೆ.

"ಕಾಂಟ್ರಾಕ್ಟಲ್ಲಿ ಎಂಥ ಪ್ರಮೋಷನ್ ಅಂಕಲ್, ಮಾರ್ಚಲ್ಲಿ ರಿನ್ಯೂವಲ್ ಆದ್ರೆ ಅದೇ ಪ್ರಮೋಷನ್."

3 ವರ್ಷದ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗ್ಸಿದ್ದಾಳೆ, ಇನ್ನೆರಡು ವರ್ಷ ಅದ್ರ ಮೇಲಿನ ಡಿಗ್ರಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಓದೋ ಆಸೆ, ಆದ್ರೆ ಓದಕ್ಕೆ ರಜೆ ಕೇಳಿದ್ರೆ "ಜನ ಇಲ್ಲ" ಅಂತಾರೆ, ಜನ ಯಾಕಿಲ್ಲ ಅಂದ್ರೆ ಎಲ್ರೂ ಬಿಟ್ಟು ಹೋಗ್ತಿದಾರಂತೆ, ಯಾಕ್ ಬಿಟ್ಟು ಹೋಗ್ತಿದಾರೆ ಅನ್ನೋದನ್ನ ಮಾತ್ರ ಯಾರೂ ಕೇಳಲ್ಲ. ರಾತ್ರಿ ಎರಡೂವರೆಗೆ ಒಂದು ಕಿವಿಲಿ ಇಯರ್‌ಫೋನ್ ಸಿಕ್ಕಿಸ್ಕೊಂಡು "ಇಷ್ ಬಿನ್, ಡು ಬಿಸ್ಟ್" ಅಂತ ಗುನುಗ್ತಾ ಇಂಜೆಕ್ಷನ್ ಲೋಡ್ ಮಾಡ್ತಿದ್ಲು. ಜರ್ಮನ್ ಅಂತೆ, ಅಲ್ಲಿ ಕೆಲ್ಸಕ್ಕೆ ಹೋಗಕ್ಕೆ. ನಮ್ಮಲ್ಲಿ ಕರಿಯರ್ ಡೆವಲಪ್‌ಮೆಂಟ್ ಅಂದ್ರೆ ಪಾಸ್‌ಪೋರ್ಟು.

ಮೇ 12, ನರ್ಸಸ್ ಡೇ ಬಂತು. ವಾರ್ಡ್ ಹೊರಗಿನ ಕಾರಿಡಾರಲ್ಲೇ ಫಂಕ್ಷನ್. ಹತ್ತಕ್ಕೆ ಬರ್ಬೇಕಿದ್ದ ಮುಖ್ಯ ಅತಿಥಿ ಹನ್ನೆರಡೂಕಾಲಿಗೆ ಬಂದ್ರು, ಬೆಳಿಗ್ಗೆ ಎಂಟಕ್ಕೆ ನೈಟ್ ಡ್ಯೂಟಿ ಮುಗಿಸಿದವ್ರನ್ನೂ ಹಾಜರಿ ಕಡ್ಡಾಯ ಅಂತ ನಿಲ್ಸಿದ್ರು. ಒಬ್ಬೊಬ್ರಿಗೂ ಒಂದು ಗುಲಾಬಿ, ಒಂದು ಮೇಣದಬತ್ತಿ. "ನೀವು ದೇವತೆಗಳು" ಅಂತ ಭಾಷಣ. ದೇವತೆ ಅಂದ್ಬಿಟ್ರೆ ಮುಗೀತು ನೋಡಿ, ದೇವ್ರು ಯಾವತ್ತಾದ್ರೂ ಸಂಬಳ ಕೇಳಿದ್ದುಂಟಾ? 1820ರಲ್ಲಿ ಇದೇ ದಿನ ಹುಟ್ಟಿದ, ಈಗಿನ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸ್ರು ಆರು ಸಲ ಬಂತು, ದೀಪ ಹಿಡ್ಕೊಂಡಿದ್ಲು ದೀಪ ಹಿಡ್ಕೊಂಡಿದ್ಲು ಅಂತ. ಆಯಮ್ಮ ಲೆಕ್ಕಾನೂ ಹಿಡ್ಕೊಂಡಿದ್ಲು ಕಣ್ರೀ! ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಜಾಸ್ತಿ ಕಾಯಿಲೆಯಿಂದ ಸತ್ತಿದ್ದು ಅಂತ ಚಾರ್ಟ್ ಬರೆದು ಸರ್ಕಾರದ ಮುಖಕ್ಕೆ ಹಿಡಿದವ್ಳು. ಆ ಚಾರ್ಟ್ ಯಾರಿಗೂ ಬೇಡ, ಮೇಣದಬತ್ತಿ ಅಗ್ಗ.

ಅವತ್ತು ರಾತ್ರಿ ಗುಡುಗು ಮಳೆ, ಕರೆಂಟ್ ಹೋಯ್ತು, ಜನರೇಟರಿಗೆ ಡೀಸೆಲ್ ಇಲ್ಲ. ಫಂಕ್ಷನಲ್ಲಿ ಸಿಕ್ಕಿದ್ದ ಮೇಣದಬತ್ತಿನೇ ಹಚ್ಚಿ ಸಿಸ್ಟರ್ ತಾತಂಗೆ ಸೂಜಿ ಹಾಕಿದ್ಲು. ಮಾರನೇ ದಿನ ಸ್ಟೋರಿನವ್ರು ಬಂದು, ಉಳಿದಿದ್ದ ತುಂಡನ್ನ ಕೈಲಿ ಹಿಡ್ದು ನೋಡಿ, "ಇದಕ್ಕೆ ಇಂಡೆಂಟ್ ಚೀಟಿ ಎಲ್ಲಿ?" ಅಂದ್ರು.