ಕಳ್ಳ ಬಿಟ್ಟುಹೋದ ಬೀಗ

ಸೈಕಲ್ ಹೋಯಿತು, ಬೀಗ ಉಳಿಯಿತು. ಕಂಬದ ಬುಡದಲ್ಲಿ ಸುರುಳಿ ಸುತ್ತಿ ಮಲಗಿದ್ದ ಕೇಬಲ್ ಲಾಕನ್ನು ಮನೆಗೆ ತಂದು, ಭೂತಕನ್ನಡಿ ಹಿಡಿದು ಕೂತೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ನಾನು ಆ ಬಾಗಿಲಿನ ಚಿಲಕ ಪರೀಕ್ಷಿಸುತ್ತಿದ್ದೆ.

ಒಂದೊಂದು ಹತಾರದ ಗುರುತು ಒಂದೊಂದು ಥರ. ಬೋಲ್ಟ್ ಕಟರ್ ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ. ತುದಿಯ ತಂತಿಗಳು ಚಪ್ಪಟೆಯಾಗಿ ಕೆದರಿಕೊಂಡಿರುತ್ತವೆ. ಗರಗಸವಾದರೆ ಸಣ್ಣ ಸಣ್ಣ ಅಡ್ಡಗೆರೆ, ನೆಲದ ಮೇಲೆ ಚಿಟಿಕೆ ಲೋಹದ ಪುಡಿ. ಲೋಹ ಕೊಯ್ಯುವ ಗ್ರೈಂಡರ್ ಹಿಡಿದಿದ್ದರೆ ಕಾವಿಗೆ ಉಕ್ಕು ನೀಲಿಗಟ್ಟುತ್ತದೆ, ಪ್ಲಾಸ್ಟಿಕ್ ಹೊದಿಕೆ ಸುಟ್ಟು ನಾರುತ್ತದೆ. ನನ್ನ ಬೀಗಕ್ಕೆ ಒಂದು ತರಚುಗಾಯವೂ ಇಲ್ಲ. ಮೂಸಿಯೂ ನೋಡಿದೆ. ಮಳೆಯಲ್ಲಿ ನೆನೆದ ರಬ್ಬರಿನ ವಾಸನೆ, ಅಷ್ಟೆ.

2004ರಲ್ಲಿ ಕ್ರಿಪ್ಟೋನೈಟ್ ಎಂಬ ಹೆಸರುವಾಸಿ ಕಂಪನಿಯ ಯು ಆಕಾರದ ಬೀಗಗಳು ಬಿಕ್ ಬಾಲ್‌ಪೆನ್ನಿಗೆ ಸೋತಿದ್ದವು. ದುಂಡನೆಯ ಕೀಲಿರಂಧ್ರಕ್ಕೆ ಪೆನ್ನಿನ ಕೊಳವೆ ತುರುಕಿ ಅಲ್ಲಾಡಿಸಿದರೆ, ಮೆತ್ತನೆಯ ಪ್ಲಾಸ್ಟಿಕ್ಕು ಒಳಗಿನ ಪಿನ್ನುಗಳಿಗೆ ತಕ್ಕ ಹಾಗೆ ಒತ್ತಿಕೊಂಡು ತಾನೇ ಕೀಲಿಕೈ ಆಗುತ್ತಿತ್ತು. ದಪ್ಪ ಉಕ್ಕು ಸುಮ್ಮನೆ ನೋಡುತ್ತಿತ್ತು. ಕಂಪನಿ ಆ ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಆದರೆ ನನ್ನದಕ್ಕೆ ಕೀಲಿರಂಧ್ರವೇ ಇಲ್ಲ. ನಾಲ್ಕು ಅಂಕಿಯ ನಂಬರ್ ಲಾಕ್.

ನಾಲ್ಕು ಅಂಕಿ ಅಂದರೆ 10,000 ಸಾಧ್ಯತೆ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಐದೂವರೆ ಗಂಟೆ. ಅಷ್ಟು ತಾಳ್ಮೆ ಇದ್ದವನು ಎಲ್ಲಾದರೂ ಗುಮಾಸ್ತನಾಗಿ ನಿವೃತ್ತನಾಗಿರುತ್ತಿದ್ದ.

ಹಾಗಾದರೆ ಕೈಚಳಕವೇ ಇರಬೇಕು. ಅಗ್ಗದ ಬೀಗವನ್ನು ಎಳೆದು ಹಿಡಿದು ಚಕ್ರಗಳನ್ನು ತಿರುಗಿಸಿದರೆ ಒಂದು ಬಿಗಿಯುತ್ತದೆ. ಅದು ಸರಿಯಾದ ಅಂಕಿಗೆ ಬಂದಾಗ ಬೆರಳಿಗೆ ಕೂದಲೆಳೆಯಷ್ಟು ಸಡಿಲ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ನಾನೂ ಪ್ರಯತ್ನಿಸಿದೆ. ನಂಬರ್ ಗೊತ್ತಿದ್ದವನಿಗೆ ಇದು ಬಹಳ ಸುಲಭ ಎಂಬುದು ಬೇರೆ ಮಾತು. ಕಳ್ಳನ ಮೇಲೆ ಗೌರವ ಹುಟ್ಟತೊಡಗಿತು. ಎಂಥ ಬೆರಳು!

ತೃಪ್ತಿಯಿಂದ ಬೀಗವನ್ನು ಮತ್ತೆ ಹಾಕಿದೆ. ಆಗ ನನ್ನ ಹೆಬ್ಬೆರಳು, ಯಾರೂ ಹೇಳದೆ, ವರ್ಷಗಳ ಅಭ್ಯಾಸದಂತೆ, ಕೊನೆಯ ಚಕ್ರವನ್ನು ಮಾತ್ರ ಒಂದು ಮನೆ ಮುಂದಕ್ಕೆ ತಳ್ಳಿ ಸುಮ್ಮನಾಯಿತು. ಉಳಿದ ಮೂರೂ ಅಂಕಿಗಳು ಇದ್ದಲ್ಲೇ ಇದ್ದವು. ಸರಿಯಾದ ಕಡೆಗೆ ತಿರುಗಿಸಿದ್ದರೆ ಕಳ್ಳನಿಗೆ ಒಂದೇ ‘ಟಿಕ್’.

"ಭಾರೀ ಪಳಗಿದ ಕಳ್ಳನೇ ಇರಬೇಕು ಕಣ್ರೀ," ಅಂದಳು ಹೆಂಡತಿ, ಬೀಗವನ್ನು ತಿರುಗಿಸಿ ತಿರುಗಿಸಿ ನೋಡುತ್ತ.

"ಹೂಂ, ಹಾಗೇ ಕಾಣುತ್ತೆ," ಅಂದೆ.